ಮನಿ ವಿಮೆ: ನಮ್ಮ ಕೊಪ್ಪಳ-ರಾಯಚೂರು-ಬಳ್ಳಾರಿ ಮಂದಿ ಏನ್ ನೋಡಿ ತಗೋಬೇಕು, ಎಷ್ಟು ರೊಕ್ಕ ಬೀಳ್ತೈತಿ

ಬೈಕಿಗೆ ಇನ್ಶೂರೆನ್ಸ್ ಮಾಡಸ್ತೀವಿ, ಯಾಕಂದ್ರ ಇಲ್ಲಂದ್ರ ಪೊಲೀಸ್ರು ಹಿಡೀತಾರ. ಹೊಲಕ್ಕ ಬೆಳೆ ವಿಮೆ ಕಟ್ತೀವಿ. ಆದ್ರ ಇಪ್ಪತ್ತು ಮೂವತ್ತು ಲಕ್ಷ ಸುರಿದು, ಅರ್ಧ ಸಾಲ ಮಾಡಿ ಕಟ್ಟಿಸಿದ ಮನಿಗೆ ಏನೈತಿ ಅಂತ ಕೇಳಿದ್ರ "ಅಯ್ಯ ಮನಿ ಎಲ್ಲಿ ಓಡಿ ಹೋಗ್ತೈತಿ ಬಿಡ್ರಿ" ಅಂತಾರ. 2009ರ ಸೆಪ್ಟೆಂಬರ್ ಕೊನಿ ಮತ್ತ ಅಕ್ಟೋಬರ್ ಮೊದಲ ವಾರ ನೋಡಿದವ್ರು ಮಾತ್ರ ಆ ಮಾತು ಅನ್ನೂದಿಲ್ಲ, ಆಗ ಕೃಷ್ಣಾ ತುಂಗಭದ್ರಾ ಎರಡೂ ಕಡಿ ನೀರು ಬಂದು ಊರಿಗೆ ಊರ ಮುಳುಗಿದ್ವು, ಮಂತ್ರಾಲಯದ ಮಠದೊಳಗ ಸುದ್ದಾ ನೀರು ಹೊಕ್ಕಿತ್ತು. ಇತ್ತೀಚಿಗೆ 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟ್ ಕಿತ್ಕೊಂಡು ಹೋದಾಗ ನದಿ ದಂಡಿ ಮಂದಿ ನಿದ್ದಿ ಮಾಡಿರಲಿಕ್ಕಿಲ್ಲ.

ಸರಕಾರ ಪರಿಹಾರ ಕೊಡ್ತೈತಲ್ಲ ಅಂತೀರಿ. ಕೊಡ್ತೈತಿ, ಆದ್ರ ಕೇಂದ್ರದ 2022-26ರ ವಿಪತ್ತು ಪರಿಹಾರ ಮಾನದಂಡದಾಗ ಬಯಲು ಪ್ರದೇಶದ ಮನಿ ಪೂರ್ತಿ ಬಿದ್ರ 1.20 ಲಕ್ಷ ರೂಪಾಯಿ ಅಂತ ಐತಿ. ಅದರಾಗ ಪಾಯ ಎದ್ದೀತು, ಗ್ವಾಡಿ ಏಳೂದಿಲ್ಲ. ರಾಜ್ಯ ಸರಕಾರ ಒಮ್ಮೊಮ್ಮೆ ಅದರ ಮ್ಯಾಲ ಸೇರ್ಸಿ ಕೊಡ್ತೈತಿ, 2019ರ ನೆರೀಗೆ ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತ ಮಾಡಿದ್ರು, ಆದ್ರ ಅದು ಆ ಹೊತ್ತಿನ ಸರಕಾರದ ಮನಸಿನ ಮ್ಯಾಲ ಬಿಟ್ಟದ್ದು, ನಮ್ಮ ಹಕ್ಕಲ್ಲ.

ಮನಿ ವಿಮೆ ಬಗ್ಗೆ ಒಂದು ಮಾತು ತಲ್ಯಾಗ ಇಟ್ಕೋರಿ. ಕಂಪನಿಯವ್ರು ಎಷ್ಟು ಹಾಳಾತು ಅಂತ ಆಮ್ಯಾಲ ಕೇಳ್ತಾರ, ಯಾತಕ್ಕ ಹಾಳಾತು ಅಂತ ಮೊದ್ಲು ಕೇಳ್ತಾರ. ಒಂದ ಗ್ವಾಡಿ ನೆರೀಗೆ ಬಿದ್ರ ರೊಕ್ಕ ಬರ್ತೈತಿ, ಅದ ಗ್ವಾಡಿ ವಯಸ್ಸಾಗಿ ಬಿದ್ರ ಒಂದು ರೂಪಾಯಿ ಬರೂದಿಲ್ಲ. ಮಂದಿ ಮೋಸ ಆತು ಅಂತ ಬೈಯೂದು ಭಾಳ ಸಲ ಈ ವಿಷ್ಯ ಗೊತ್ತಿಲ್ದಕ್ಕ.

ಯಾವ ಪಾಲಿಸಿ ಕೇಳಬೇಕು

ಏಜೆಂಟ್ ಹತ್ರ ಹೋಗಿ "ಮನಿ ಇನ್ಶೂರೆನ್ಸ್ ಕೊಡ್ರಿ" ಅನ್ನಬ್ಯಾಡ್ರಿ, "ಭಾರತ್ ಗೃಹ ರಕ್ಷಾ" ಕೊಡ್ರಿ ಅನ್ರಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ ಎಲ್ಲಾ ಜನರಲ್ ಇನ್ಶೂರೆನ್ಸ್ ಕಂಪನಿಗೋಳು ಇದನ್ನ ಕೊಡಲೇಬೇಕು ಅಂತ ಮಾಡೈತಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್ ಹಿಂಗ ಸರಕಾರಿ ಕಂಪನಿ ಇರ್ಲಿ ಖಾಸಗಿ ಇರ್ಲಿ, ಮೂಲ ಪಾಲಿಸಿಯ ಒಳಗಿನ ಬರಹ ಎಲ್ಲಾರ್ದೂ ಒಂದ. ಇದರಿಂದ ನಮಗೇನು ಲಾಭ ಅಂದ್ರ, ಮೂರು ನಾಲ್ಕು ಕಡಿ ರೇಟ್ ಕೇಳಿ ಕಡಿಮಿ ಇದ್ದಲ್ಲಿ ತಗೊಂಡ್ರ ಕವರೇಜ್ ಕಡಿಮಿ ಆಗೂದಿಲ್ಲ. "ನಮ್ಮದು ಸ್ಪೆಷಲ್ ಸರ್" ಅಂತ ಯಾರರ ಅಂದ್ರ, ಸ್ಪೆಷಲ್ ಅನ್ನೂದು ಮ್ಯಾಲ ಸೇರ್ಸಿದ ಆ್ಯಡ್-ಆನ್‌ನಾಗ ಇರ್ತೈತಿ ಅಷ್ಟ, ಅದಕ್ಕ ಬೇರೆ ರೊಕ್ಕ.

ಮೊದಲ ಕೆಲಸ: ಮನಿ ಯಾರ ಹೆಸರಿಗೈತಿ?

ನಮ್ಮ ಕಡಿ ಇದ ದೊಡ್ಡ ತಲಿನೋವು. ಇರೋರು ಮೊಮ್ಮಕ್ಕಳು, ಉತಾರದಾಗ ಮುತ್ಯಾನ ಹೆಸರು, ಮುತ್ಯಾ ತೀರಿ ಎಷ್ಟೋ ವರ್ಷ ಆಗಿರ್ತೈತಿ. ವಿಮೆ ಮಾಡ್ಸಾಕ ಆ ಮನಿ ಮ್ಯಾಲ ನಿಮಗ ಹಿತಾಸಕ್ತಿ ಇರಬೇಕು, ಅಂದ್ರ ಮನಿ ಹಾಳಾದ್ರ ನಷ್ಟ ನಿಮಗಾಗಬೇಕು, ಕ್ಲೇಮ್ ಬಂದಾಗ ಅದನ್ನ ತೋರಿಸಬೇಕು. ಪ್ರೀಮಿಯಂ ತಗೊಳ್ಳುವಾಗ ಯಾರೂ ಜಾಸ್ತಿ ಕೆದಕೂದಿಲ್ಲ, ರೊಕ್ಕ ಕೊಡೂ ಟೈಮಿಗೆ ಎಲ್ಲಾ ಕೆದಕ್ತಾರ. ಅದಕ್ಕ ಮೊದ್ಲು ವಾರಸಾ ಮಾಡ್ಸಿ ಖಾತೆ ಬದಲಿ ಮಾಡ್ಕೋರಿ, ಹಳ್ಳಿ ಇದ್ರ ಪಂಚಾಯತಿಯಿಂದ ಇ-ಸ್ವತ್ತಿನ 9 ಮತ್ತ 11ನೇ ಫಾರ್ಮು, ಊರು ದೊಡ್ಡದಿದ್ರ ನಗರಸಭೆಯ ಇ-ಖಾತಾ. ಅಣ್ಣತಮ್ಮಂದಿರು ಕೂಡಿ ಇರೋ ಮನಿ ಆದ್ರ ಎಲ್ಲಾರ ಹೆಸರೂ ಪ್ರಪೋಸಲ್ ಫಾರ್ಮಿನಾಗ ಹಾಕಸ್ರಿ.

ಬಾಡಿಗಿ ಇರೋರು ಕಟ್ಟಡದ ಚಿಂತಿ ಬಿಟ್ಟು ಸಾಮಾನಿಗೆ ಮಾತ್ರ ಮಾಡಸ್ಕೋಬಹುದು.

ಫಾರ್ಮಿನಾಗ ಮನಿ ಎಂಥಾದ್ದು ಅಂತ ಕೇಳ್ತಾರ. ಆರ್‌ಸಿಸಿನೋ, ಕಲ್ಲು ಗ್ವಾಡಿ ಮ್ಯಾಲ ಮಣ್ಣಿನ ಮಾಳಿಗಿನೋ, ತಗಡಿನ ಶೆಡ್ಡೋ, ಇದ್ದದ್ದು ಇದ್ಹಂಗ ಬರೀರಿ. ಮಾಳಿಗಿ ಮನಿ ಅಂದ್ರ ರೇಟ್ ಜಾಸ್ತಿ ಹೇಳಬಹುದು, ಹೇಳ್ಲಿ. ಆರ್‌ಸಿಸಿ ಅಂತ ಸುಳ್ಳು ಬರದು ನೂರಿನ್ನೂರು ಉಳಿಸಿದ್ರ ಕ್ಲೇಮ್ ಕೈ ಬಿಡ್ತೈತಿ.

ಎಷ್ಟಕ್ಕ ಮಾಡ್ಸಬೇಕು

ಇಲ್ಲಿ ಎಲ್ಲಾರೂ ಮಾರ್ಕೆಟ್ ರೇಟ್ ಹೇಳ್ತಾರ. "ನಮ್ಮ ಮನಿ ಅರವತ್ತು ಲಕ್ಷಕ್ಕ ಹೋಗ್ತೈತ್ರಿ" ಅಂತ. ಅದರಾಗ ನಲ್ವತ್ತು ಲಕ್ಷ ಜಾಗದ್ದು. ಜಾಗ ಸುಡೂದಿಲ್ಲ, ಜಾಗಕ್ಕ ವಿಮೆ ಇಲ್ಲ. ಲೆಕ್ಕ ಏನಂದ್ರ ಕಾರ್ಪೆಟ್ ಏರಿಯಾ (ಗ್ವಾಡಿ ಬಿಟ್ಟು ಮನಿ ಒಳಗಿನ ನೆಲದ ಅಳತಿ) ಗುಣಿಸು ಈಗ ಅಂಥಾ ಮನಿ ಹೊಸದಾಗಿ ಕಟ್ಟಾಕ ಒಂದು ಚದರಡಿಗೆ ಬೀಳೂ ಖರ್ಚು, ಅಷ್ಟ. ಮನಿ ಹಳೇದಾಗೇತಿ ಅಂತ ಕಡಿಮಿ ಮಾಡೂ ಹಂಗೂ ಇಲ್ಲ. ಕಾಂಪೌಂಡು, ಮ್ಯಾಲಿನ ನೀರಿನ ಟ್ಯಾಂಕು, ಗ್ಯಾರೇಜು, ಸೋಲಾರು ಇವೂ ಸೇರಬೇಕಂದ್ರ ಅವನ್ನ ಬೇರೆ ಬರದು ಸೇರಸ್ರಿ.

1,000 ಚದರಡಿ ಕಾರ್ಪೆಟ್ ಏರಿಯಾ ಐತಿ, ನಿಮ್ಮೂರಿನ ಮೇಸ್ತ್ರಿಯೋ ಇಂಜಿನಿಯರೋ ಚದರಡಿಗೆ 2,000 ಅಂದ್ರು ಅಂತ ಹಿಡೀರಿ, ಕಟ್ಟಡಕ್ಕ 20 ಲಕ್ಷ ಆತು. ಮನಿ ಸಾಮಾನಿಗೆ ತಾನಾ ಕಟ್ಟಡದ ಮೊತ್ತದ 20% ಸೇರ್ತೈತಿ, ಮೇಲ್ಮಿತಿ 10 ಲಕ್ಷ. ಅಂದ್ರ ಇಲ್ಲಿ 4 ಲಕ್ಷ. ಇದಕ್ಕ ಟಿವಿ ಎಷ್ಟು ಮಂಚ ಎಷ್ಟು ಅಂತ ಲಿಸ್ಟ್ ಕೊಡೂದು ಬೇಕಿಲ್ಲ. ನಿಮ್ಮ ಮನ್ಯಾಗ ಅದಕ್ಕಿಂತ ಜಾಸ್ತಿ ಸಾಮಾನು ಐತಿ ಅಂದ್ರ ಮಾತ್ರ ಲಿಸ್ಟ್ ಕೊಟ್ಟು ಜಾಸ್ತಿ ಮಾಡಸ್ರಿ.

ಹಳೇ ಪಾಲಿಸಿಗಳಾಗ ಒಂದು ಕಿರಿಕಿರಿ ಇತ್ತು, ಮನಿ ಬೆಲಿ 20 ಲಕ್ಷ ಇದ್ದು ನೀವು 10 ಲಕ್ಷಕ್ಕ ಮಾಡ್ಸಿದ್ರ, 2 ಲಕ್ಷದ ನಷ್ಟಕ್ಕೂ ಅರ್ಧ ಕತ್ತರಿಸಿ 1 ಲಕ್ಷ ಕೊಡ್ತಿದ್ರು. ಭಾರತ್ ಗೃಹ ರಕ್ಷಾದಾಗ ಆ ಕತ್ತರಿ ಇಲ್ಲ. ಹಂಗಂತ ಕಡಿಮಿ ಮಾಡಸ್ಬ್ಯಾಡ್ರಿ, ಮನಿ ಪೂರ್ತಿ ಹೋದ್ರ ಪಾಲಿಸಿ ಮೊತ್ತಕ್ಕಿಂತ ಒಂದು ಪೈಸೆ ಜಾಸ್ತಿ ಬರೂದಿಲ್ಲ.

ಯಾತಕ್ಕ ಬರ್ತೈತಿ, ಯಾತಕ್ಕ ಇಲ್ಲ

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಬಂಡೆಗಲ್ಲು ಜಾರೂದು, ಗಲಾಟೆ ಮುಷ್ಕರದಾಗ ಆಗೂ ಹಾನಿ, ಭಯೋತ್ಪಾದನೆ, ಲಾರಿ ಬಂದು ಗ್ವಾಡಿಗೆ ಗುದ್ದೂದು, ಗಿಡ ಮನಿ ಮ್ಯಾಲ ಬೀಳೂದು, ನೀರಿನ ಟ್ಯಾಂಕು ಪೈಪು ಒಡದು ಆಗೂ ಹಾನಿ, ಇವೆಲ್ಲಾ ಒಳಗ ಅದಾವ. ಅವಶೇಷ ತೆಗಿಯೂ ಖರ್ಚು ಕ್ಲೇಮಿನ 2%ವರಿಗೆ, ಇಂಜಿನಿಯರ್ ಫೀಸು 5%ವರಿಗೆ ಅದರಾಗ ಸೇರ್ತಾವ. ಮನಿ ಇರಲಾರದಂಗ ಆಗಿ ಬಾಡಿಗಿ ಮನಿಗೆ ಹೋಗಬೇಕಾದ್ರ ಆ ಬಾಡಿಗಿ, ಇಲ್ಲಾ ನೀವು ಬಾಡಿಗಿ ಕೊಟ್ಟ ಮನಿ ಆಗಿದ್ರ ತಪ್ಪಿದ ಬಾಡಿಗಿ, ಇದಕ್ಕೂ ಕವರ್ ಐತಿ.

ಆನೆಗೊಂದಿ ಕಡಿ ಗುಡ್ಡದ ಬುಡಕ ಇರೋರಿಗೆ, ಬಳ್ಳಾರಿ ಕೋಟೆ ಗುಡ್ಡದ ಸುತ್ತ ಇರೋರಿಗೆ ಆ ಬಂಡೆಗಲ್ಲಿನ ಸಾಲು ಬರೇ ಬರಹ ಅಲ್ಲ. (ಸೋಲಾರ್ ಪೈಪ್ ಕೀಳೂ ಮಂಗ್ಯಾಗಳ ಹೆಸರು ಆ ಪಟ್ಟಿಯೊಳಗ ಇಲ್ಲ, ಹುಡುಕಬ್ಯಾಡ್ರಿ.) ಭೂಕಂಪದ ವಿಷಯಕ್ಕ ನಮ್ಮ ಜಿಲ್ಲೆಗೋಳು ಅಪಾಯ ಕಡಿಮಿ ಇರೋ ಕಡಿ ಬರ್ತಾವ, 1993ರ ಕಿಲ್ಲಾರಿ ಭೂಕಂಪ ಆದದ್ದು ಲಾತೂರ್ ಜಿಲ್ಲಾದಾಗ, ನಮ್ಮ ಕಡಿಯಿಂದ ಭಾಳ ದೂರ ಏನಿಲ್ಲ ಅನ್ನೂದು ಬೇರೆ ಮಾತು. ಹೆಂಗೂ ಅದು ಮೂಲ ಪಾಲಿಸಿಯೊಳಗ ಐತಿ.

ಈಗ ಎರಿ ಭೂಮಿ ಮ್ಯಾಲ ಮನಿ ಕಟ್ಟಿದವ್ರು ಇದನ್ನ ಎರಡು ಸಲ ಓದ್ರಿ. ಸಿಂಧನೂರು, ಮಾನ್ವಿ, ಸಿರುಗುಪ್ಪ, ರಾಯಚೂರು ಸುತ್ತಮುತ್ತ ಕಪ್ಪು ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗಿ ಬಾಯಿ ಬಿಡ್ತೈತಿ, ಅದರ ಜೊತಿ ಮನಿ ಏಳೂದು ಕೂಡೂದು ಮಾಡಿ ಬಾಗಲ ಚೌಕಟ್ಟಿನ ಮೂಲಿಯಿಂದ ಓರೆ ಬಿರುಕು ಬರ್ತೈತಿ. ಇದಕ್ಕ ವಿಮೆ ಬರೂದಿಲ್ಲ. ಪಾಲಿಸಿಯೊಳಗ ಭೂಕುಸಿತ ಅಂತ ಇದ್ರೂ ಸಾಮಾನ್ಯ ಬಿರುಕು, ಹೊಸ ಕಟ್ಟಡ ಕೂಡೂದು, ಪಾಯದ ತಪ್ಪು, ಕಳಪಿ ಕೆಲಸ, ನದಿ ದಂಡಿ ಸವಿಯೂದು ಇವನ್ನ ಹೊರಗಿಟ್ಟಾರ. ಎರಿ ಮಣ್ಣಿನ ಬಿರುಕಿಗೆ ಮದ್ದು ಇರೂದು ಪಾಯ ಹಾಕೂ ಟೈಮಿನಾಗ ಇಂಜಿನಿಯರ್ ಹತ್ರ, ಏಜೆಂಟ್ ಹತ್ರ ಅಲ್ಲ. ಮತ್ತ ಒಂದು, ಪಾಲಿಸಿ ಮಾಡಸೂ ದಿನ ಮನಿ ಒಳಗ ಹೊರಗ ಇರೋ ಬಿರುಕಿನ ಸಮೇತ ಫೋಟೊ ತಗದು ಇಟ್ಕೋರಿ, ನಾಳೆ ನೆರೀಗೆ ಹೊಸದಾಗಿ ಏನಾತು ಅಂತ ತೋರ್ಸಾಕ ಅದ ಬೇಕಾಗ್ತೈತಿ.

ಜಗಳ ಜಾಸ್ತಿ ಆಗೂದು ಜಡಿಮಳಿ ವಿಷಯದಾಗ. ನಾಲ್ಕೈದು ದಿನ ಬಿಡ್ದ ಮಳಿ ಹಿಡದು ಹಳೇ ಮಣ್ಣಿನ ಗ್ವಾಡಿ ನೆನದು ಕುಸೀತೈತಿ. ನೀವು ಮಳಿಗೆ ಬಿತ್ತು ಅಂತೀರಿ, ಅವ್ರು ಪಾಲಿಸಿಯೊಳಗ ಬಿರುಗಾಳಿ ಐತಿ, ನೆರೆ ಜಲಾವೃತ ಐತಿ, ಗ್ವಾಡಿ ಸೋರಿದ್ದು ಇಲ್ಲ ಅಂತಾರ. ಇಂಥಾ ಹೊತ್ತಿನಾಗ ಓಣಿಯಾಗ ನೀರು ನಿಂತದ್ದು, ಮನಿಯೊಳಗ ನೀರು ಹೊಕ್ಕದ್ದು ಫೋಟೊದಾಗ ಇದ್ರ ಮಾತು ಗಟ್ಟಿ ಆಗ್ತೈತಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಪಂಚಾಯತಿ ಮಟ್ಟದಾಗ ಮಳಿ ಅಳಿಯೂ ಯಂತ್ರ ಇಟ್ಟಾರ, ಆ ದಿನ ನಿಮ್ಮ ಪಂಚಾಯತಿಯಾಗ ಎಷ್ಟು ಮಿಲಿಮೀಟರ್ ಬಿತ್ತು ಅನ್ನೂ ಲೆಕ್ಕ ಇರ್ತೈತಿ. ಅದನ್ನ ಕ್ಲೇಮಿಗೆ ಜೋಡಸ್ರಿ, ನಮ್ಮ ಮಂದಿ ಯಾರೂ ಜೋಡಸೂದಿಲ್ಲ.

ಕರೆಂಟಿನದು ಇನ್ನೊಂದು ಗೊಂದಲ. ವೋಲ್ಟೇಜ್ ಏರಿ ಫ್ರಿಜ್ ಸುಟ್ರ, ಆ ಫ್ರಿಜ್ಜಿಗೆ ಬರೂದಿಲ್ಲ. ಆದ್ರ ಆ ಫ್ರಿಜ್ಜಿನಿಂದ ಬೆಂಕಿ ಹತ್ತಿ ಅಡಗಿಮನಿ, ಕಪಾಟು ಸುಟ್ರ ಅವಕ್ಕೆಲ್ಲಾ ಬರ್ತೈತಿ. ರಾಯಚೂರು ಬ್ಯಾಸಿಗ್ಯಾಗ ಕೂಲರು ಏಸಿ ರಾತ್ರಿಪೂರ ಓಡ್ತಾವ, ವೈರಿಂಗ್ ಹಳೇದಿದ್ರ ಸ್ಟೆಬಿಲೈಜರ್ ಜೊತಿ ಅದನ್ನೂ ಬದಲಿ ಮಾಡಸ್ರಿ.

ಗ್ಯಾಸ್ ಸಿಲಿಂಡರ್ ಸ್ಫೋಟಕ್ಕ ಪಾಲಿಸಿಯೊಳಗ ಜಾಗ ಐತಿ. ಅದರ ಹೊರತಾಗಿ ನಿಮಗ ಗೊತ್ತಿಲ್ದಂಗ ಇನ್ನೊಂದು ವಿಮೆ ಐತಿ, ಆಯಿಲ್ ಕಂಪನಿಯವ್ರು ಗ್ಯಾಸ್ ಅಪಘಾತಕ್ಕ ಅಂತ ತಾವ ಮಾಡಿಸಿಟ್ಟದ್ದು. ಸತ್ತವ್ರಿಗೆ ತಲಾ 6 ಲಕ್ಷ, ಕನೆಕ್ಷನ್ ಇರೋ ವಿಳಾಸದ ಮನಿ ಆಸ್ತಿ ಹಾನಿಗೆ ಒಂದು ಘಟನೆಗೆ ಹೆಚ್ಚಂದ್ರ 2 ಲಕ್ಷ. ನೀವು ಏನೂ ಕಟ್ಟಬೇಕಾಗಿಲ್ಲ, ಏಜೆನ್ಸಿಗೆ ತಕ್ಷಣ ಬರದು ಕೊಡಬೇಕು ಅಷ್ಟ.

ಬಂಗಾರ, ರೊಕ್ಕ, ಕಳವು

ಬರೇ ಕಳ್ಳತನ ಆತಂದ್ರ ಮೂಲ ಪಾಲಿಸಿಯಾಗ ಏನೂ ಇಲ್ಲ. ನೆರೆಯೋ ಬೆಂಕಿಯೋ ಆಗಿ, ಆ ಗದ್ದಲದಾಗ 7 ದಿನದೊಳಗ ಕಳವಾದ್ರ ಮಾತ್ರ ಐತಿ. ಜಾತ್ರಿಗೆ ಹೋದಾಗ ಬೀಗ ಮುರದು ಒಯ್ದದ್ದಕ್ಕ ಕಳವಿನ ಕವರ್ ಬೇರೆ ತಗೋಬೇಕು. ಬಂಗಾರಕ್ಕ ಬೆಲೆಬಾಳುವ ವಸ್ತು ಅನ್ನೂ ಆಯ್ಕೆ ಕೇಳ್ರಿ, ಒಟ್ಟು 5 ಲಕ್ಷದೊಳಗ ಇದ್ದು ಒಂದೊಂದು ನಗ 1 ಲಕ್ಷ ದಾಟಿಲ್ಲಂದ್ರ ಅಕ್ಕಸಾಲಿಗರ ಸರ್ಟಿಫಿಕೇಟ್ ಬೇಕಾಗೂದಿಲ್ಲ. ಈಗಿನ ಬಂಗಾರದ ರೇಟಿಗೆ ಒಂದು ಬಿಲ್ವಾರನೂ ಆ 1 ಲಕ್ಷದೊಳಗ ಕೂಡೂದಿಲ್ಲ, ಹಿಂಗಾಗಿ ಸರ್ಟಿಫಿಕೇಟ್ ಮಾಡಸೂದ ಛಲೋ. ಕಪಾಟಿನಾಗಿನ ನೋಟು, ಬಾಂಡು, ಕಾಗದಪತ್ರ ಇವಕ್ಕ ವಿಮೆ ಇಲ್ಲವೇ ಇಲ್ಲ. ಮನಿ ಮುಂದ ನಿಂತ ಬೈಕು ಕಾರಿಗೆ ಅವುಗಳ ಪಾಲಿಸಿ, ದನಕ್ಕ ಜಾನುವಾರು ವಿಮೆ.

ಮನ್ಯಾಗ ದಂಧೆ ಇದ್ರ

ಬಳ್ಳಾರಿಯಾಗ ಎಷ್ಟೋ ಮನಿಗಳಾಗ ಕೆಳಗ ಜೀನ್ಸ್ ಹೊಲಿಯೂ ಮಷಿನ್ನು, ಮ್ಯಾಲ ಸಂಸಾರ. ಕಿನ್ನಾಳದಾಗ ಗೊಂಬಿ ಮಾಡೋರ ಮನಿನ ಕಾರ್ಖಾನಿ. ರಾಯಚೂರು ಕಡಿ ರೇಟ್ ಬರ್ಲಿ ಅಂತ ಹತ್ತಿ ಅಂಡಿಗಿ ಪಡಸಾಲ್ಯಾಗ ಇಟ್ಕೊಂಡಿರ್ತಾರ. ಗೃಹ ರಕ್ಷಾ ಇರೂದು ವಾಸದ ಮನಿಗೆ. ಮಾರಾಟದ ಮಾಲು, ದಂಧೆ ಮಷಿನ್ನು ಮನಿ ಸಾಮಾನಲ್ಲ, ಅದಕ್ಕೂ ಕೆಟ್ಟದ್ದು ಏನಂದ್ರ ವಾಸದ ಮನಿ ಅಂತ ಬರಸಿ ಒಳಗ ಹತ್ತಿ ತುಂಬಿದ್ರ ಮನಿಯ ಕ್ಲೇಮೂ ತೂಗಾಡ್ತೈತಿ. ಇಂಥವ್ರಿಗೆ ಅಂತ ಅದ 2021ರಾಗ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಬಂದೈತಿ, ಒಂದು ಜಾಗದ ಒಟ್ಟು ಮೌಲ್ಯ 5 ಕೋಟಿವರಿಗೆ ಇರೋ ದಂಧೆಗೆ ಅದು. ಏಜೆಂಟ್‌ಗೆ ಇದ್ದದ್ದು ಹೇಳಿ, ದಂಧೆ ಭಾಗಕ್ಕ ಅದನ್ನ ತಗೋರಿ.

ಬೆಂಗಳೂರಿಗೋ ಪುಣೆಗೋ ದುಡ್ಯಾಕ ಹೋಗಿ ತಿಂಗಳುಗಟ್ಲೆ ಬೀಗ ಹಾಕೋರು, ಮನಿ ಬಾಡಿಗಿ ಕೊಡೋರು, ಮ್ಯಾಲ ಇನ್ನೊಂದು ಮಹಡಿ ಎತ್ತೋರು ಕಂಪನಿಗೆ ಒಂದು ಮೇಲ್ ಹಾಕಿ ತಿಳಸ್ರಿ. ಬಾಯಿಮಾತಿಗೆ ಏಜೆಂಟ್‌ಗೆ ಹೇಳೇನಿ ಅನ್ನೂದು ಆಮ್ಯಾಲ ನಡಿಯೂದಿಲ್ಲ.

ರೊಕ್ಕದ ಲೆಕ್ಕ

ರೇಟ್ ಸಾವಿರಕ್ಕ ಇಷ್ಟು ಪೈಸೆ ಅಂತ ಇರ್ತೈತಿ, ಕಂಪನಿಯಿಂದ ಕಂಪನಿಗೆ, ಕಟ್ಟಡದ ನಮೂನಿಗೆ, ಜಾಗಕ್ಕ ತಕ್ಕಂಗ ಬದಲಾಗ್ತೈತಿ. ಲೆಕ್ಕ ಹಾಕೂ ರೀತಿ ತೋರ್ಸಾಕ ಸಾವಿರಕ್ಕ 40 ಪೈಸೆ ಅಂತ ಹಿಡೀತೀನಿ. ಮ್ಯಾಲಿನ ಮನಿಗೆ ಕಟ್ಟಡ 20 ಲಕ್ಷ, ಸಾಮಾನು 4 ಲಕ್ಷ, ಒಟ್ಟು 24 ಲಕ್ಷ. 2,400 ಗುಣಿಸು 40 ಪೈಸೆ ಅಂದ್ರ 960 ರೂಪಾಯಿ. ಅದರ ಮ್ಯಾಲ 18% ಜಿಎಸ್‌ಟಿ 172.80. ಸುಮಾರು 1,133 ರೂಪಾಯಿ ಒಂದು ವರ್ಷಕ್ಕ. ಮನಿಮಂದಿ ತಾವ ತಗೊಳ್ಳೂ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತಗದಾರ, ಇದಕ್ಕ ತಗದಿಲ್ಲ, ಹಂಗಾಗಿ ಯಾರರ ಟ್ಯಾಕ್ಸ್ ಇಲ್ಲ ಅಂದ್ರ ಮತ್ತೊಮ್ಮೆ ಕೇಳ್ರಿ.

ಒಮ್ಮೆಲೆ 10 ವರ್ಷದವರಿಗೆ ತಗೋಬಹುದು, ಡಿಸ್ಕೌಂಟ್ ಕೊಡ್ತಾರ. ನನಗ ಇದ ಪಸಂದ್, ಡಿಸ್ಕೌಂಟಿಗಲ್ಲ. ಒಂದಕ್ಕಿಂತ ಜಾಸ್ತಿ ವರ್ಷದ ಪಾಲಿಸಿಗೆ ಕಟ್ಟಡದ ಮೊತ್ತ ವರ್ಷಕ್ಕ 10% ತಾನಾ ಏರ್ತೈತಿ, ಹೊಸ ಪ್ರೀಮಿಯಂ ಇಲ್ದ, ಶುರುವಿನ ಮೊತ್ತದ ಎರಡು ಪಟ್ಟು ಆಗೂವರಿಗೆ. ಸಿಮೆಂಟ್, ಉಸುಕು, ಕೂಲಿ ಏರೂದು ನೋಡಿದ್ರ ಇದು ಬೇಕಾ ಬೇಕು. ಮತ್ತ ವರ್ಷಾ ರಿನಿವಲ್ ಮರ್ತು ಬಿಡೂ ತಾಪತ್ರಯ ಇಲ್ಲ.

ತಗೊಳ್ಳೂ ಟೈಮು ಬ್ಯಾಸಿಗಿ. ನಾರಾಯಣಪುರದಿಂದ ನೀರು ಬಿಟ್ಟಾರ, ಕಂಪ್ಲಿ ಸೇತುವಿ ಮುಳುಗೈತಿ ಅಂತ ಟಿವ್ಯಾಗ ಬಂದ್ಮ್ಯಾಲ ಓಡಿದ್ರ ಉಪಯೋಗಿಲ್ಲ. ಪ್ರೀಮಿಯಂ ಕೈಸೇರೂವರಿಗೆ ಕಂಪನಿ ಮ್ಯಾಲ ಜವಾಬ್ದಾರಿ ಇರೂದಿಲ್ಲ ಅಂತ ವಿಮಾ ಕಾಯ್ದೆಯ 64ವಿಬಿ ಕಲಮಿನಾಗ ಐತಿ.

ಹೋಮ್ ಲೋನ್ ಇದ್ದವ್ರು

ಲೋನ್ ತಗೊಂಡಾಗ ಬ್ಯಾಂಕಿನಾಗ ಇನ್ಶೂರೆನ್ಸ್ ಅಂತ ಮುರ್ಕೊಂಡಿರ್ತಾರ. ಅದು ನಿಮ್ಮ ಜೀವದ ಮ್ಯಾಲಿನ ಸಾಲ ರಕ್ಷಣೆ ವಿಮೆನೋ, ಮನಿ ವಿಮೆನೋ ಕೇಳ್ರಿ. ಎರಡೂ ಬೇರೆ, ಒಂದರಾಗ ನೀವು ಸತ್ರ ಸಾಲ ತೀರ್ತೈತಿ, ಮನಿ ಸುಟ್ರ ಏನೂ ಇಲ್ಲ. ಮನಿ ವಿಮೆನ ಆಗಿದ್ರ ಬರೇ ಸಾಲದ ಮೊತ್ತಕ್ಕ ಮಾಡ್ಸಿರ್ತಾರ ಭಾಳ ಸಲ, ಮತ್ತ ಕ್ಲೇಮ್ ರೊಕ್ಕ ಮೊದ್ಲು ಬ್ಯಾಂಕಿಗೆ ಹೋಗ್ತೈತಿ. ಪಾಲಿಸಿ ಕಾಪಿ ಬರದು ಕೇಳಿ ಇಸ್ಕೋರಿ.

ಅವಘಡ ಆದ್ಮ್ಯಾಲ

ಮೊದ್ಲು ಜೀವ, ಆಮ್ಯಾಲ ಫೋನು. 112ಕ್ಕ ಹಚ್ರಿ, ಬೆಂಕಿ ಆದ್ರ ಅಗ್ನಿಶಾಮಕದ ವರದಿ, ಕಳವಾದ್ರ ಎಫ್‌ಐಆರ್, ನೆರೆ ಆದ್ರ ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡಿದ ಕಾಪಿ. ಅದ ದಿನ ಕಂಪನಿಗೆ ತಿಳಿಸಿ ದೂರಿನ ನಂಬರ್ ಬರಕೋರಿ. ಮನಿ ಸ್ವಚ್ಛ ಮಾಡೂ ಅವಸರಕ್ಕ ಸುಟ್ಟದ್ದು ತೊಯ್ದದ್ದು ತಿಪ್ಪಿಗೆ ಹಾಕಬ್ಯಾಡ್ರಿ, ಸರ್ವೇಯರ್ (ಹಾನಿ ಅಳಿಯಾಕ ಕಂಪನಿ ಕಳಸೂ ಮನಿಷಾ) ಬಂದು ನೋಡೂವರಿಗೆ ಹಿತ್ತಲದಾಗ ಇಡ್ರಿ, ಇಡಾಕ ಆಗಲಾರದಷ್ಟು ನಾತ ಬಂದ್ರ ವಿಡಿಯೊ ಮಾಡಿ ಕಂಪನಿಗೆ ಕಳ್ಸಿ ಆಮ್ಯಾಲ ಒಗೀರಿ. ಬಿಲ್ಲು ಪಾಲಿಸಿ ಎಲ್ಲಾ ಇರೂದು ಅದ ಕಪಾಟಿನಾಗ, ಕಪಾಟು ಹೋಗೂದು ಅದ ನೀರಿನಾಗ, ಅದಕ್ಕ ಈಗ ಫೋಟೊ ತಗದು ದೂರದೂರಿನ ಮಗಗೋ ಮಗಳಿಗೋ ವಾಟ್ಸಾಪ್ ಮಾಡಿಡ್ರಿ.

ಸರ್ವೇಯರ್ ಫೀಸು ಕಂಪನಿ ಕೊಡ್ತೈತಿ, ನೀವು ಪೆಟ್ರೋಲಿಗೂ ಕೊಡೂ ಹಂಗಿಲ್ಲ. ಐಆರ್‌ಡಿಎಐ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸರ್ವೇಯರ್ 15 ದಿನದಾಗ ವರದಿ ಕೊಡಬೇಕು, ವರದಿ ಬಂದ 7 ದಿನದಾಗ ಕಂಪನಿ ಹೌದೋ ಅಲ್ಲೋ ಹೇಳಬೇಕು. ಸರ್ವೇಯರ್ ವರದಿಯಾಗ ಕಾರಣ ಅಂತ ಏನು ಬರದಾರ ಅನ್ನೂದನ್ನ ಮೊದ್ಲು ಓದ್ರಿ, ಮೊತ್ತ ಆಮ್ಯಾಲ. ಕಾರಣ ತಪ್ಪು ಬಿದ್ರ ಅವತ್ತ ಬರವಣಿಗಿಯಾಗ ತಕರಾರು ಹಾಕ್ರಿ.

ಕಂಪನಿ ದೂರು ಅಧಿಕಾರಿ ಕೇಳಲಿಲ್ಲಂದ್ರ ಐಆರ್‌ಡಿಎಐನ 155255ಕ್ಕ ಫೋನು, ಇಲ್ಲಾ ಅವರದ ಬಿಮಾ ಭರೋಸಾ ಅನ್ನೂ ದೂರಿನ ಪೋರ್ಟಲ್. ಕಂಪನಿ ಕೊಡೂದಿಲ್ಲ ಅಂದ್ರ, ಇಲ್ಲಾ ನಿಮ್ಮ ದೂರಿಗೆ ಒಂದು ತಿಂಗಳು ಸುಮ್ನ ಕುಂತ್ರ, ಅಲ್ಲಿಂದ ಒಂದು ವರ್ಷದೊಳಗ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ತಕರಾರು ಬಗೆಹರಿಸೂ ಅಧಿಕಾರಿ) ಹತ್ರ ಹೋಗಬಹುದು. ಫೀಸಿಲ್ಲ, ವಕೀಲ್ರು ಬೇಕಿಲ್ಲ, 50 ಲಕ್ಷದವರಿಗೆ ತೀರ್ಪು ಕೊಡೂ ಅಧಿಕಾರ ಐತಿ, ಆ ತೀರ್ಪು ಕಂಪನಿ 30 ದಿನದಾಗ ಪಾಲಿಸಬೇಕು. ನಿಮ್ಮ ಜಿಲ್ಲಾ ಗ್ರಾಹಕರ ಆಯೋಗದಾಗ ಕೇಸ್ ನಡದಿದ್ರ ಮಾತ್ರ ಒಂಬುಡ್ಸ್‌ಮನ್ ತಗೋಳೂದಿಲ್ಲ, ಹಿಂಗಾಗಿ ಮೊದ್ಲು ಒಂಬುಡ್ಸ್‌ಮನ್ ಹತ್ರ ಹೋಗಿ ಅಲ್ಲಿ ಸಮಾಧಾನ ಆಗಲಿಲ್ಲಂದ್ರ ಆಯೋಗಕ್ಕ ಹೋಗ್ರಿ.